ಪುಣೆಯ ಚಳಿಗಾಲ, ಸಿಂಹಗಡದ ಕಾಲುದಾರಿ: ನನ್ನ ಅನುಭವ

ದೀಪಾವಳಿ ಮುಗಿದು ಬೆಳಗಿನ ಗಾಳಿಗೆ ಮೂಗಿನ ತುದಿ ತಣ್ಣಗಾಗಲು ಶುರುವಾಯಿತು ಅಂದರೆ ನನ್ನ ಭಾನುವಾರಗಳೆಲ್ಲ ಪುಣೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡಕ್ಕೇ. ನಾನು ಇಂಡಿ ತಾಲೂಕಿನವನು. ಭೀಮಾ ನದಿ ಕಡೆಯ ಊರು, ಎತ್ತ ನೋಡಿದರೂ ಬಯಲು. ಕೆಲಸಕ್ಕೆಂದು ಪುಣೆಗೆ ಬಂದು ಕೋಥರೂಡಿನಲ್ಲಿ ಮನೆ ಮಾಡಿದ ಮೇಲೆಯೇ ನಾನು ಬೆಟ್ಟ ಹತ್ತಲು ಕಲಿತದ್ದು. ಇದು ಆರನೇ ಚಳಿಗಾಲ. ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು "ಎಲ್ಲಿಂದ ಶುರು ಮಾಡೋದು ಅಣ್ಣ" ಅಂತ ಕೇಳುತ್ತಾರೆ, ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಬೆಟ್ಟ ಹಿಡಿಯಿರಿ, ಅದನ್ನೇ ಮತ್ತೆ ಮತ್ತೆ ಹತ್ತಿ. ಪ್ರತಿ ವಾರ ಹೊಸ ಕೋಟೆ ಹುಡುಕಿಕೊಂಡು ಹೋಗುವುದಕ್ಕಿಂತ ಇದರಲ್ಲಿ ಕಲಿಯುವುದು ಜಾಸ್ತಿ.

ಸಿಂಹಗಡ ಊರಿನಿಂದ ಸುಮಾರು 30 ಕಿಲೋಮೀಟರ್. ಮೇಲಿನವರೆಗೆ ಗಾಡಿ ರಸ್ತೆ ಇದೆ, ಆದರೆ ನಾನು ಹೇಳುತ್ತಿರುವುದು ಬುಡದ ಹಳ್ಳಿ ಆತಕರವಾಡಿಯಿಂದ ಹತ್ತುವ ಕಾಲುದಾರಿ. ಸ್ವಾರಗೇಟಿನಿಂದ ಸಿಟಿ ಬಸ್ಸೇ ಬೆಟ್ಟದ ಬುಡಕ್ಕೆ ಬರುತ್ತದೆ, ಇಲ್ಲಿಯವರು ಅದನ್ನು ಪಾಯಥಾ ಅನ್ನುತ್ತಾರೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದ್ದರೆ ಗಡದ ನೆತ್ತಿ 1,300 ಮೀಟರ್ ದಾಟುತ್ತದೆ. ದಾರಿ ಮೂರು ಕಿಲೋಮೀಟರಿಗೂ ಕಡಿಮೆ, ಆದರೆ ಅಷ್ಟರಲ್ಲೇ ಸುಮಾರು 600 ಮೀಟರ್ ಏರಬೇಕು ಅಂದರೆ ಅದು ಎಷ್ಟು ಕಡಿದು ಅಂತ ನೀವೇ ಲೆಕ್ಕ ಹಾಕಿ. ಮೊದಲ ಸಲ ನನಗೆ ಎರಡು ಗಂಟೆ ಹಿಡಿಯಿತು. ಅರ್ಧ ದಾರಿಗೇ ಉಸಿರು ಕಟ್ಟಿ ಒಂದು ಕಲ್ಲಿನ ಮೇಲೆ ಕೂತಿದ್ದಾಗ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ ಕೋಲು ಊರಿಕೊಂಡು, ಒಂದೇ ಲಯದಲ್ಲಿ, ನಿಲ್ಲದೆ ಮೇಲೆ ಹೋದರು. ಅವತ್ತೇ ಅವರ ನಡಿಗೆ ಕಲಿತೆ: ಸಣ್ಣ ಹೆಜ್ಜೆ, ಮಾತಾಡಲು ಆಗುವಷ್ಟೇ ವೇಗ. ಈಗ ಒಂದು ಗಂಟೆ ಹತ್ತು ನಿಮಿಷಕ್ಕೆ ಮೇಲಿರುತ್ತೇನೆ.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ. ಹಾಗಾಗಿ ನಾವು ನಾಲ್ಕೂವರೆಗೆ ಮನೆ ಬಿಟ್ಟು, ಐದೂಮುಕ್ಕಾಲಿಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಹತ್ತಲು ಶುರು ಮಾಡುತ್ತೇವೆ. ಖಡಕವಾಸ್ಲಾ ಅಣೆಕಟ್ಟಿನ ಪಕ್ಕ ಬೈಕಿನಲ್ಲಿ ಹೋಗುವಾಗ ಕೈಬೆರಳು ಮರಗಟ್ಟುತ್ತವೆ, ಆದರೆ ಬೆಟ್ಟ ಏರಿದಂತೆ ಚಳಿ ಕಡಿಮೆ ಆಗುತ್ತದೆ! ಮೊದಲು ನಡೆದು ಮೈ ಬಿಸಿಯಾಗಿದ್ದಕ್ಕೆ ಹಾಗನ್ನಿಸುತ್ತದೆ ಅಂದುಕೊಂಡಿದ್ದೆ. ಅಷ್ಟೇ ಅಲ್ಲ. ಮೋಡ, ಗಾಳಿ ಎರಡೂ ಇಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದರ ಮೇಲಿನ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಂತುಬಿಡುತ್ತದೆ. ಊರಿನ ಹೊಗೆಯೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಬೆಳಕು ಹರಿದಾಗ ಮೇಲಿಂದ ನೋಡಿದರೆ ಪುಣೆಯ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿರುತ್ತದೆ.

ಬಟ್ಟೆಯ ವಿಷಯ ಒಂದು ಮಾತು. ದಪ್ಪ ಸ್ವೆಟರ್ ಹಾಕಿಕೊಂಡು ಹತ್ತಬೇಡಿ. ಹತ್ತೇ ನಿಮಿಷದಲ್ಲಿ ಬೆವರು ಬರುತ್ತದೆ, ಹತ್ತಿಯ ಅಂಗಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಆಮೇಲೆ ಮೇಲೆ ಕೋಟೆಯ ಬಾಗಿಲು ಪುಣೆ ದರವಾಜಾದ ಹತ್ತಿರ ಗಾಳಿ ಹೊಡೆದಾಗ ಹಲ್ಲು ಕಟಕಟ ಅನ್ನುತ್ತವೆ. ಬೇಗ ಒಣಗುವ ಟೀ ಶರ್ಟ್ ಹಾಕಿ, ಜಾಕೆಟ್ ಚೀಲದಲ್ಲಿರಲಿ, ಮೇಲೆ ಹೋದ ತಕ್ಷಣ ಹಾಕಿಕೊಳ್ಳಿ. ಬದಲಾಯಿಸಲು ಇನ್ನೊಂದು ಅಂಗಿ ಇದ್ದರೆ ಇನ್ನೂ ಒಳ್ಳೆಯದು. ನೀರು ಎರಡು ಲೀಟರ್. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೇ ಜನ ಕುಡಿಯುವುದಿಲ್ಲ, ಮಧ್ಯಾಹ್ನ ತಲೆನೋವು ಹಿಡಿದು ಕೂರುತ್ತಾರೆ.

ಈಗ ಇಳಿಯುವುದು. ಪೆಟ್ಟಾಗುವುದು ಇಲ್ಲೇ.

ಮಳೆಗಾಲದಲ್ಲಿ ಪಾಚಿ ಜಾರುತ್ತದೆ ಅಂತ ಎಲ್ಲರೂ ಹುಷಾರಾಗಿರುತ್ತಾರೆ. ಡಿಸೆಂಬರ್ ಹೊತ್ತಿಗೆ ಮಣ್ಣು ಒಣಗಿ ಪುಡಿಯಾಗಿ, ಅದರ ಮೇಲೆ ಸಣ್ಣ ಸಣ್ಣ ಜಲ್ಲಿಕಲ್ಲು ಗುಂಡುಗಳ ಹಾಗೆ ಉರುಳುತ್ತವೆ, ಒಣಹುಲ್ಲಂತೂ ಎಣ್ಣೆ ಸವರಿದ ಹಾಗೆ. ಎರಡನೇ ವರ್ಷ ಸವೆದ ಓಟದ ಶೂ ಹಾಕಿಕೊಂಡು, ಬಸ್ಸು ತಪ್ಪುತ್ತದೆ ಅಂತ ಅವಸರದಲ್ಲಿ ಇಳಿಯುತ್ತಿದ್ದೆ. ಹಿಮ್ಮಡಿ ಜಾರಿತು, ಪಾದ ಒಳಕ್ಕೆ ಮಡಿಸಿತು. ಸ್ನೇಹಿತರಿಬ್ಬರು ಹೆಗಲು ಕೊಟ್ಟು ಕೆಳಗೆ ತಂದರು, ಮೂರು ವಾರ ಸರಿಯಾಗಿ ನಡೆಯಲು ಆಗಲಿಲ್ಲ. ಅಂದಿನಿಂದ ಆಳವಾದ ಹಲ್ಲಿರುವ ಶೂ ಇಲ್ಲದೆ ನಾನು ಹೋಗುವುದಿಲ್ಲ. ಇಳಿಯುವಾಗ ಮೊಣಕಾಲು ಸ್ವಲ್ಪ ಮಡಿಸಿ, ಪಾದ ಓರೆಯಾಗಿಟ್ಟು, ಅಡ್ಡಡ್ಡ ಹೆಜ್ಜೆ ಹಾಕಿ. ಮೈ ಹಿಂದಕ್ಕೆ ವಾಲಿಸಿದರೆ ಜಾರುವುದು ಗ್ಯಾರಂಟಿ. ಒಂದು ಕೋಲು ಇದ್ದರೆ ಮಂಡಿಗೆ ಎಷ್ಟೋ ಆರಾಮ.

ವಾರದ ನಡುವೆ ನಾನು ವೇತಾಳ ಟೇಕಡಿಗೆ ಹೋಗುತ್ತೇನೆ. ಊರೊಳಗೇ ಇರುವ ಗುಡ್ಡ, ಮುಕ್ಕಾಲು ಗಂಟೆ ನಡೆದರೆ ನವಿಲಿನ ಕೂಗು ಕೇಳಿಕೊಂಡು ಆಫೀಸಿಗೆ ಹೋಗಬಹುದು. ಹೀಗೆ ಎರಡು ತಿಂಗಳು ಕಾಲು ಪಳಗಿದ ಮೇಲೆ ರಾಜಗಡ ಕೋಟೆ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮೊದಲು ಅಲ್ಲಿಂದಲೇ ರಾಜ್ಯ ಆಳಿದ್ದು. ಬುಡದ ಗುಂಜವಣೆ ಹಳ್ಳಿಯಿಂದ ಚೋರ ದರವಾಜಾದ (ಕಳ್ಳಬಾಗಿಲಿನ) ದಾರಿ ಹಿಡಿದರೆ ಕೊನೆಗೆ ಬಂಡೆ ಹಿಡಿದು ಏರಬೇಕು. ಮೂರು ಮಾಚಿಗಳನ್ನೂ (ಬೆಟ್ಟದ ಚಾಚುಗಳ ಮೇಲಿನ ಕೋಟೆ ಭಾಗಗಳು) ನೆತ್ತಿಯ ಒಳಕೋಟೆ ಬಾಲೇಕಿಲ್ಲಾವನ್ನೂ ನೋಡಬೇಕು ಅಂದರೆ ಇಡೀ ದಿನ ಇಟ್ಟುಕೊಳ್ಳಿ. ಈ ಕೋಟೆಗಳ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ, ಹಾಗಾಗಿ ಅತ್ತರು ಹಚ್ಚಿಕೊಂಡು ಹೋಗಬೇಡಿ, ಬೆಂಕಿ ಹಾಕಬೇಡಿ, ಕಿರುಚಬೇಡಿ. ದಯವಿಟ್ಟು.

ಸಿಂಹಗಡದ ಮೇಲಿನ ಊಟ ನನಗೆ ಊರಿನ ಊಟವೇ. ಪಿಠಲಾ ಭಾಕರಿ ಅಂದರೆ ನಮ್ಮ ಕಡಲೆಹಿಟ್ಟಿನ ಝುಣಕ, ರೊಟ್ಟಿ. ಜೊತೆಗೆ ಮೆಣಸಿನಕಾಯಿ ಠೇಚಾ, ಈರುಳ್ಳಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಬುಡದ ಹಳ್ಳಿಗಳ ಹೆಂಗಸರು ಸೌದೆ ಒಲೆಯ ಮೇಲೆ ಬಡಿದು ಕೊಡುತ್ತಾರೆ. ಚೌಕಾಸಿ ಮಾಡಬೇಡಿ.

ಹೋದ ಸಂಕ್ರಾಂತಿಗೆ ಅವ್ವ ಬಂದಿದ್ದಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು. ಅವಳಿಗೆ ಮಂಡಿನೋವು, ಅದಕ್ಕೇ ಅವತ್ತು ರಸ್ತೆಯಲ್ಲೇ ಕಾರಿನಲ್ಲಿ ಹೋದೆವು. 1670ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಈ ಕೋಟೆ ಗೆಲ್ಲುವ ಕಾದಾಟದಲ್ಲಿ ಪ್ರಾಣ ಬಿಟ್ಟ ಕತೆ ಹೇಳಿದೆ, ಕೇಳಿದಳು. ಆಮೇಲೆ ಕೆಳಗೆ ಹೊಳೆಯುತ್ತಿದ್ದ ಖಡಕವಾಸ್ಲಾ ನೀರು ತೋರಿಸಿದೆ: ಇದು ಮುಠಾ ನದಿ, ಪುಣೆಯಲ್ಲಿ ಮುಳಾ ಜೊತೆ ಸೇರಿ ಮುಂದೆ ಭೀಮೆಗೆ ಬೀಳುತ್ತದೆ, ಉಜನಿ ಅಣೆಕಟ್ಟು ದಾಟಿ ನಮ್ಮ ಕಡೆಗೇ ಬರುತ್ತದೆ ಅಂದೆ. ಅವ್ವ ಸೆರಗು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಬಹಳ ಹೊತ್ತು ನೋಡಿದಳು. "ಇದs ನೀರು ಏನೋ?" ಅಂದಳು. ಹೌದು ಅಂದೆ. ಅಲ್ಲೇ ಕಟ್ಟೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು.