10/22 ರೈಫಲ್ ಕಟ್ಟುವಾಗ ಯಾವ ಭಾಗಕ್ಕೆ ಮೊದಲು ದುಡ್ಡು ಹಾಕಬೇಕು

ಹೋದ ವರ್ಷ ಮಾರ್ಚ್‌ನಲ್ಲಿ, ಹೂಮಳೆ ಬಂದ ಮಾರನೇ ದಿನ, ಡಲ್ಲಾಸ್‌ನಿಂದ ನನ್ನ ಅಣ್ಣನ ಮಗ ಫೋನ್ ಮಾಡಿದ. ರೂಗರ್ ಕಂಪನಿಯ ಹೊಸ 10/22 ರೈಫಲ್ ತಗೊಂಡಿದ್ದ. "ಅತ್ತೆ, ಇದಕ್ಕೆ ಏನೇನು ಹಾಕಿಸಲಿ?" ಅಂತ ಕೇಳಿ ಒಂದು ಪಟ್ಟಿ ಕಳಿಸಿದ. ಬ್ಯಾರಲ್, ಟ್ರಿಗರ್, ಬೋಲ್ಟ್ (ತೋಟಾದ ಹಿಂದೆ ಮುಚ್ಚಿ ತೆರೆಯುವ ಉಕ್ಕಿನ ತುಂಡು), ಸ್ಪ್ರಿಂಗ್, ಸ್ಟಾಕ್ (ಭುಜಕ್ಕೂ ಕೆನ್ನೆಗೂ ಇಡುವ ಹಿಡಿ), ಸ್ಕೋಪ್. ಕೂಡಿ ನೋಡಿದೆ, ಕೋವಿಯ ಬೆಲೆಗಿಂತ ಪಟ್ಟಿಯ ಬೆಲೆಯೇ ಎರಡು ಪಟ್ಟು.

ನಾನು ಕೊಡಗಿನ ಪೊನ್ನಂಪೇಟೆ ಹತ್ತಿರ ಕಾಫಿ ಬೆಳೆಯುವವಳು. ಮೂವತ್ತು ವರ್ಷದಿಂದ ಕೈಲ್ ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತೇನೆ. ನನ್ನದು ಅಜ್ಜನ ಕಾಲದ .22 ಬೋಲ್ಟ್ ರೈಫಲ್, ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕು. ಅವನದು ಸೆಮಿ ಆಟೋಮ್ಯಾಟಿಕ್, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುತ್ತದೆ. ಯಂತ್ರ ಬೇರೆ, ಆದರೆ ಎರಡಕ್ಕೂ ಹಾಕುವುದು ಅದೇ ಸಣ್ಣ ರಿಮ್‌ಫೈರ್ (ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ) ತೋಟಾ, ಹಿಡಿಯುವುದು ಅದೇ ಭುಜ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಮಕ್ಕಳು ಅಲ್ಲಿ ತುಂಬಾ ಜನ ಇದ್ದಾರೆ. ಕೋವಿ ಅಂದರೆ ಎಲ್ಲರಿಗೂ ಪ್ರೀತಿ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ಈ ಅಣ್ಣನ ಮಗ, ನನ್ನ ಸೋದರಳಿಯ, ಅಲ್ಲೇ ಹುಟ್ಟಿದವನು, ಅಲ್ಲಿನ ಪೌರ. ಎಚ್1ಬಿ ಅಥವಾ ಪ್ರವಾಸಿ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಕೋವಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಅಕ್ಟೋಬರ್‌ನಲ್ಲಿ ನಾನು ಅವನ ಮನೆಗೆ ಹೋದಾಗ ಆ ರೈಫಲನ್ನು ಕೈಯಿಂದ ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ದುರ್ಬೀನಿನಲ್ಲಿ ಟಾರ್ಗೆಟ್ ನೋಡಿದೆ, ಪುಸ್ತಕದಲ್ಲಿ ಬರೆದುಕೊಂಡೆ. ಮ್ಯಾಗಜೀನ್ ಎಷ್ಟು ತೋಟಾದ್ದು ಇರಬಹುದು, ಬ್ಯಾರಲ್ ಎಂಥದ್ದಿರಬೇಕು ಅನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಭಾಗ ಕೊಳ್ಳುವ ಮೊದಲು ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ.

ಈಗ 10/22 ಬಗ್ಗೆ. 1964ರಲ್ಲಿ ಬಂದ ರೈಫಲ್ ಇದು. ಹತ್ತು ತೋಟಾದ ಸುತ್ತುವ ಮ್ಯಾಗಜೀನ್ ಹೊಟ್ಟೆಯೊಳಗೇ ಕೂರುತ್ತದೆ, ಹೊರಗೆ ಚಾಚುವುದಿಲ್ಲ. ಬ್ಯಾರಲನ್ನು ರಿಸೀವರಿಗೆ (ಬೋಲ್ಟ್ ಓಡಾಡುವ ಲೋಹದ ಗೂಡು) ಹಿಡಿದಿಡುವುದು ಒಂದು ವಿ ಆಕಾರದ ತುಂಡು ಮತ್ತು ಎರಡು ಅಲೆನ್ ಸ್ಕ್ರೂ, ಅಷ್ಟೇ. ಟ್ರಿಗರ್ ಪೆಟ್ಟಿಗೆ ನಿಂತಿರುವುದು ಎರಡು ಪಿನ್ನಿನ ಮೇಲೆ. ಮನೆಯ ಮೇಜಿನ ಮೇಲೆ ಬಿಚ್ಚಬಹುದು, ಜೋಡಿಸಬಹುದು. ಅದಕ್ಕೇ ಇದರ ಬಿಡಿಭಾಗಕ್ಕೆ ದೊಡ್ಡ ಮಾರುಕಟ್ಟೆಯೇ ಬೆಳೆದಿದೆ. ಅಷ್ಟು ಸುಲಭ ಆಗಿರುವುದರಿಂದಲೇ ಜನ ದುಡುಕುತ್ತಾರೆ.

ನಾನು ಹೋಗುವಷ್ಟರಲ್ಲಿ ಅವನೂ ದುಡುಕಿದ್ದ. ಒಂದೇ ಶನಿವಾರ ನಾಲ್ಕು ಭಾಗ ಬದಲಿಸಿದ್ದ. ರೇಂಜಿನಲ್ಲಿ ಕೂತು ನೋಡುತ್ತೇನೆ, ಮೂರನೇ ಗುಂಡಿಗೆ ನಿಂತಿತು. ಖಾಲಿ ತೋಟಾ ಹೊರಗೆ ಹಾರದೆ ಕಿಂಡಿಯಲ್ಲಿ ಒಲೆಯ ಕೊಳವೆ ಹಾಗೆ ನೆಟ್ಟಗೆ ನಿಂತಿದೆ. ತೆಗೆದ, ಮತ್ತೆ ಹೊಡೆದ. ಐದನೆಯದಕ್ಕೆ ಮತ್ತೆ ಅದೇ. ಬ್ಯಾರಲ್ ತಪ್ಪಾ, ಬೋಲ್ಟ್ ತಪ್ಪಾ, ಸ್ಪ್ರಿಂಗ್ ತಪ್ಪಾ, ತೋಟಾ ತಪ್ಪಾ? ಎಲ್ಲವೂ ಹೊಸದು, ಯಾರನ್ನು ಕೇಳುವುದು?

ಸಂಜೆ ಮನೆಗೆ ಬಂದು ಎಲ್ಲವನ್ನೂ ಹಳೆಯದಕ್ಕೆ ತಿರುಗಿಸಲು ಹೇಳಿದೆ. ಮಾರನೇ ದಿನದಿಂದ ಒಂದೊಂದೇ ಭಾಗ ಹಾಕಿ, ಪ್ರತಿ ಸಲ ಐವತ್ತು ಗುಂಡು ಹೊಡೆದ. ಕಳ್ಳ ಸಿಕ್ಕಿದ. ಅವನು ಹಾಕಿದ್ದು ಹೆಚ್ಚು ಬಿಗಿಯ ರಿಕಾಯಿಲ್ ಸ್ಪ್ರಿಂಗ್. 10/22ರ ಬೋಲ್ಟ್‌ಗೆ ಬೀಗ ಇಲ್ಲ. ಅದರ ತೂಕ ಮತ್ತು ಹಿಂದಿನ ಸ್ಪ್ರಿಂಗ್ ಎರಡೇ ಅದನ್ನು ಮುಚ್ಚಿಡುತ್ತವೆ. ತೋಟಾದ ಹೊಡೆತಕ್ಕೆ ಬೋಲ್ಟ್ ಹಿಂದೆ ಹೋಗಿ ಖಾಲಿಯನ್ನು ಎಸೆಯಬೇಕು. ಅವನು ಹಾಕುತ್ತಿದ್ದದ್ದು ಮೆತ್ತಗಿನ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ. ಬಿಗಿ ಸ್ಪ್ರಿಂಗನ್ನು ಪೂರ್ತಿ ತಳ್ಳಲು ಅದಕ್ಕೆ ಶಕ್ತಿ ಸಾಲಲಿಲ್ಲ. ಕಂಪನಿಯ ಸ್ಪ್ರಿಂಗ್ ವಾಪಸ್ ಹಾಕಿದ, ಇನ್ನೂರು ಗುಂಡು ಒಂದೂ ನಿಲ್ಲದೆ ಹೋಯಿತು. ಒಂದು ಸಲಕ್ಕೆ ಒಂದೇ ಭಾಗ. ನನ್ನಿಂದ ಒಂದೇ ಮಾತು ತಗೊಳ್ಳುವುದಾದರೆ ಇದನ್ನು ತಗೊಳ್ಳಿ.

ಹಾಗಾದರೆ ಯಾವುದು ಮೊದಲು? ನನ್ನ ಲೆಕ್ಕದಲ್ಲಿ ಮೊದಲು ತೋಟಾ. ಅದು ಭಾಗವೇ ಅಲ್ಲ, ಗೊತ್ತು. ಆದರೆ ರಿಮ್‌ಫೈರ್ ರೈಫಲ್ ಪ್ರತಿಯೊಂದಕ್ಕೂ ಅದರದ್ದೇ ಇಷ್ಟ ಇರುತ್ತದೆ. ಒಂದೇ ಕಂಪನಿಯ ಎರಡು ರೈಫಲ್ ಅಕ್ಕಪಕ್ಕ ಇಟ್ಟರೂ ಒಂದಕ್ಕೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಐದಾರು ಬಗೆಯ ಡಬ್ಬಿ ತಂದು 50 ಗಜದಲ್ಲಿ ಚೀಲದ ಮೇಲೆ ಇಟ್ಟು ಹೊಡೆಯಿರಿ. ಸಿಸಿಐ ಸ್ಟ್ಯಾಂಡರ್ಡ್, ಎಸ್‌ಕೆ, ಎಲೀ ಇವನ್ನೆಲ್ಲ ನೋಡಿ. ಶಬ್ದದ ವೇಗಕ್ಕಿಂತ ಕೆಳಗಿರುವ, ಸೆಕೆಂಡಿಗೆ 1,070 ಅಡಿ ಹತ್ತಿರದ ತೋಟಾಗಳು ದಾರಿಯಲ್ಲಿ ಶಬ್ದದ ವೇಗದ ಗಡಿ ದಾಟುವ ಅಲುಗಾಟ ಇಲ್ಲದೆ ಹೋಗುತ್ತವೆ. ಅಳಿಯನ ರೈಫಲ್‌ನಲ್ಲಿ ತೋಟಾ ಬದಲಿಸಿದ್ದಕ್ಕೇ ಗುಂಪು, ಅಂದರೆ ಟಾರ್ಗೆಟ್ ಮೇಲೆ ತೂತುಗಳು ಹರಡಿದ ಅಗಲ, ಅರ್ಧಕ್ಕೆ ಇಳಿಯಿತು. ಒಂದು ಸ್ಕ್ರೂ ಕೂಡ ತಿರುಗಿಸಿರಲಿಲ್ಲ.

ಎರಡನೆಯದು ಸ್ಟಾಕ್. ಇದರ ಬಗ್ಗೆ ನಾನು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದರಿಂದ ನಾನು ವರ್ಷಗಟ್ಟಲೆ ಸೋತಿದ್ದೇನೆ.

ಅಜ್ಜ ಆರಡಿ ಆಳು. ನಾನು ಐದಡಿ. ಅವರ ರೈಫಲ್ ನನ್ನ ಭುಜಕ್ಕೆ ಇಟ್ಟರೆ ಟ್ರಿಗರಿಗೆ ಬೆರಳಿನ ತುದಿ ಮಾತ್ರ ತಾಗುತ್ತಿತ್ತು. ಕುತ್ತಿಗೆ ಚಾಚಿ ಗುರಿ ನೋಡುತ್ತಿದ್ದೆ. ಮೇಲೆ ಮರದಲ್ಲಿ ಕಟ್ಟಿದ ಕಾಯಿಗೆ ಹೊಡೆಯುವಾಗ ತಲೆ ಇನ್ನೂ ಮೇಲೇಳುತ್ತದೆ, ಕೆನ್ನೆ ಸ್ಟಾಕಿನ ಮರದಿಂದ ಬಿಡುತ್ತದೆ. ಗುಂಡು ಕಾಯಿಯ ಮೇಲಿಂದ ಹೋಗುತ್ತಿತ್ತು. ಎಲ್ಲರೂ "ಉಸಿರು ಹಿಡಿ, ಉಸಿರು ಹಿಡಿ" ಅನ್ನುತ್ತಿದ್ದರು. ಉಸಿರಿನದಲ್ಲ ತಪ್ಪು, ಸ್ಟಾಕಿನದು. ಕೊನೆಗೆ ಒಂದು ವರ್ಷ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹಿಂಭಾಗ ಒಂದು ಇಂಚು ಕತ್ತರಿಸಿಸಿದೆ. ಕೆನ್ನೆ ಕೂರುವ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ, ಕೆಳಗೆ ಹಳೇ ಟವೆಲಿನ ತುಂಡು. ಆ ಸೆಪ್ಟೆಂಬರ್‌ನಲ್ಲೇ ಮೊದಲ ಕಾಯಿ ಒಡೆದೆ. ಚೂರು ನೀರು ಕೆಳಗೆ ನಿಂತವರ ತಲೆಯ ಮೇಲೆ ಬಿತ್ತು.

ನಿಮ್ಮ ಅಳತೆ ನೋಡಿಕೊಳ್ಳುವುದು ಹೀಗೆ. ಮೊಣಕೈ ಮಡಚಿ, ಸ್ಟಾಕಿನ ಹಿಂಭಾಗವನ್ನು ಮಡಿಕೆಯ ಒಳಗೆ ಇಡಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಸುಮ್ನೆ ಕೂತರೆ ಹತ್ತಿರ ಬಂದಿದ್ದೀರಿ. ಆಮೇಲೆ ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರಿಸಿ, ಕೆನ್ನೆ ಇಟ್ಟು, ಕಣ್ಣು ತೆರೆಯಿರಿ. ಸ್ಕೋಪಿನ ಚಿತ್ರ ಪೂರ್ತಿ ಕಾಣಬೇಕು. ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಕೆನ್ನೆಯ ಎತ್ತರ ಅಥವಾ ಉದ್ದ ತಪ್ಪಿದೆ. 10/22 ಕಾರ್ಬೈನಿನ ಅಳತೆ 13.5 ಇಂಚು. ನನ್ನಂಥ ಕುಳ್ಳಗಿನವರಿಗೆ ಉದ್ದ. ಮ್ಯಾಗ್‌ಪುಲ್‌ನ ಎಕ್ಸ್-22ರಂಥ ಸ್ಟಾಕ್‌ಗಳಲ್ಲಿ ಹಿಂದೆ ತುಂಡು ಸೇರಿಸಿ ತೆಗೆದು ಉದ್ದ ಬದಲಿಸಬಹುದು, ಕೆನ್ನೆಗೂ ಎತ್ತರ ಕೊಡಬಹುದು. ಮನೆಯಲ್ಲಿ ಇಬ್ಬರು ಮೂವರು ಹೊಡೆಯುವವರಿದ್ದರೆ ಅಂಥದ್ದೇ ತಗೊಳ್ಳಿ.

ಮರದ ಸ್ಟಾಕ್ ಚೆಂದ, ನನಗೂ ಆಸೆ. ಆದರೆ ನಮ್ಮ ಜುಲೈ ಮಳೆಯಲ್ಲಿ ಬಾಗಿಲೇ ಉಬ್ಬಿ ಮುಚ್ಚುವುದಿಲ್ಲ, ಸ್ಟಾಕ್ ಬಿಡುತ್ತದಾ? ಮರ ಉಬ್ಬಿ ಬ್ಯಾರಲಿಗೆ ಒತ್ತಿದರೆ ಗುರಿ ಸರಿಯುತ್ತದೆ. ಒಣ ಊರಿನಲ್ಲಿ ಇರುವವರಿಗೆ ಪರವಾಗಿಲ್ಲ. ತೇವದ ಊರಾದರೆ ಪದರ ಅಂಟಿಸಿದ ಲ್ಯಾಮಿನೇಟ್ ಅಥವಾ ಪ್ಲಾಸ್ಟಿಕ್ ಒಳ್ಳೆಯದು. ಸ್ಟಾಕ್ ಕೊಳ್ಳುವ ಮೊದಲು ಬ್ಯಾರಲ್ ಯಾವುದು ಅಂತ ತೀರ್ಮಾನ ಮಾಡಿರಿ. ತೆಳ್ಳಗಿನ ಮಾಮೂಲಿ ಬ್ಯಾರಲಿಗೆ ಕೊರೆದ ತೋಡಿನಲ್ಲಿ 0.920 ಇಂಚಿನ ದಪ್ಪ ಬುಲ್ ಬ್ಯಾರಲ್ ಕೂರುವುದಿಲ್ಲ.

ಟ್ರಿಗರ್ ಮೂರನೆಯದು. ಕಂಪನಿಯದ್ದು ಆರು ಪೌಂಡ್ ಹತ್ತಿರ ಎಳೆತ, ಎತ್ತಿನ ಮೂಗುದಾರ ಎಳೆದ ಹಾಗೆ. ರೂಗರ್ ಅವರದ್ದೇ ಬಿಎಕ್ಸ್ ಟ್ರಿಗರ್ ಹಾಕಿದರೆ ಮೂರಕ್ಕಿಂತ ಕೆಳಗೆ ಬರುತ್ತದೆ. ಪೂರ್ತಿ ಪೆಟ್ಟಿಗೆಯೇ ಬದಲಿಸುವುದು, ಎರಡು ಪಿನ್ನಿನ ಕೆಲಸ. ಒಳಗಿನ ಹ್ಯಾಮರ್‌ಗೆ, ಅದನ್ನು ತಡೆದು ಹಿಡಿದಿಡುವ ಸಿಯರ್‌ಗೆ ಅರ ಹಿಡಿಯಬೇಡಿ. ಯಾರೋ ವಿಡಿಯೋದಲ್ಲಿ ತೋರಿಸಿದರು ಅಂತ ಉಜ್ಜಬೇಡಿ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಅಂಚು ಸವೆದರೆ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಬಹುದು. ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ, ಅಲ್ವಾ?

ಸ್ಕೋಪಿಗೆ ರಿಮ್‌ಫೈರ್ ಅಂತ ಬರೆದದ್ದೇ ನೋಡಿ. ಅವು ಸಾಮಾನ್ಯವಾಗಿ 50 ಗಜಕ್ಕೆ ಹೊಂದಿಸಿರುತ್ತವೆ. ದೊಡ್ಡ ರೈಫಲಿನವು 100 ಗಜಕ್ಕೆ. ಹತ್ತಿರದ ಗುರಿಗೆ ಅವನ್ನು ಬಳಸಿದರೆ ತಲೆ ಕೂದಲೆಳೆಯಷ್ಟು ಅಲುಗಿದರೂ ಗೀಟು ಗುರಿಯ ಮೇಲೆ ಜಾರುತ್ತದೆ. ಸ್ಕೋಪನ್ನು ಕೋವಿಗೆ ಹಿಡಿದಿಡುವ ರಿಂಗ್‌ನಲ್ಲಿ ದುಡ್ಡು ಉಳಿಸಬೇಡಿ. ಒಮ್ಮೆ ನಾನು ಅಗ್ಗದ ರಿಂಗ್ ತಗೊಂಡು, ಅದು ಸ್ವಲ್ಪ ಸ್ವಲ್ಪವೇ ಜಾರುತ್ತಿದ್ದದ್ದು ಗೊತ್ತಾಗದೆ ಒಂದು ಇಡೀ ಹಂಗಾಮು ನನ್ನ ಕಣ್ಣನ್ನೇ ಬೈದುಕೊಂಡಿದ್ದೆ.

ಬ್ಯಾರಲ್ ಕೊನೆಗೆ. ತೋಟಾ, ಸ್ಟಾಕ್, ಟ್ರಿಗರ್ ಸರಿಯಾದ ಮೇಲೂ ಗುಂಪು ದೊಡ್ಡದೇ ಇದ್ದರೆ ಮಾತ್ರ. ಕೊಳ್ಳುವಾಗ ಚೇಂಬರ್ (ಬ್ಯಾರಲಿನಲ್ಲಿ ತೋಟಾ ಕೂರುವ ಜಾಗ) ಯಾವುದು ಅಂತ ಕೇಳಿ. ಮ್ಯಾಚ್ ಚೇಂಬರ್ ಬಿಗಿ, ಬೆಂಟ್ಜ್ ಅದಕ್ಕಿಂತ ಸ್ವಲ್ಪ ಸಡಿಲ. ಸೆಮಿ ಆಟೋಮ್ಯಾಟಿಕ್‌ಗೆ ಬೆಂಟ್ಜ್ ಸಾಕು. ಸಿಸಿಐ ಸ್ಟಿಂಗರ್ ತೋಟಾದ ಹಿತ್ತಾಳೆ ಮಾಮೂಲಿಗಿಂತ ಉದ್ದ. ಬಿಗಿ ಚೇಂಬರಿಗೆ ಅದನ್ನು ಹಾಕಬಾರದು. ವಿ ತುಂಡಿನ ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಬ್ಯಾರಲ್ ಓರೆಯಾಗಿ ಎಳೆಯುತ್ತದೆ.

ಸಣ್ಣದರಲ್ಲಿ ಒಂದೇ ಒಂದನ್ನು ಹೇಳುತ್ತೇನೆ. ರಿಸೀವರಿನ ಹಿಂದೆ ಬೋಲ್ಟ್ ಬಂದು ಬಡಿಯುವ ಉಕ್ಕಿನ ಪಿನ್ ಇದೆ. ಅದರ ಬದಲು ಪಾಲಿಮರ್ ಪಿನ್ ಹಾಕಿದರೆ ಟಣ್ ಟಣ್ ಸದ್ದು ಹೋಗುತ್ತದೆ. ಕೆಲವೇ ಡಾಲರು, ಒಳ್ಳೆಯ ಭಾಗ.

ಬಿಚ್ಚುವ ಮೊದಲು ಒಂದು ಕ್ರಮ. ನಮ್ಮ ಜೋಡು ನಳಿಗೆ ಕೋವಿಯನ್ನು ಮಡಚಿ ತೆರೆದರೆ ಒಳಗೆ ಏನಿದೆ ಅಂತ ಕಣ್ಣಿಗೇ ಕಾಣುತ್ತದೆ. ಇದರಲ್ಲಿ ಹಾಗಲ್ಲ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಹಿಂದುಮುಂದಾದರೆ ಬೋಲ್ಟ್ ಬಿಟ್ಟ ಕೂಡಲೇ ಇನ್ನೊಂದು ತೋಟಾ ಒಳಗೆ ಹೋಗಿ ಕೂತಿರುತ್ತದೆ. ಕಣ್ಣಲ್ಲಿ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ.

ಊರಿನಲ್ಲಿ ಇರುವವರಿಗೂ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್ ವಿನಾಯಿತಿ 2029ರ ವರೆಗೆ ಇದೆ. ಹಾಗಂತ ಬಿಡಿಭಾಗ ತರಿಸಿಕೊಳ್ಳಬಹುದು ಅಂತ ಅಂದುಕೊಳ್ಳಬೇಡಿ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿಯ ಭಾಗವೂ ಕೋವಿಯೇ. ಈ ಸೆಪ್ಟೆಂಬರ್‌ಗೆ ಅಳಿಯ ಕೈಲ್ ಪೊಳ್ದ್‌ಗೆ ಬರುತ್ತೇನೆ ಅಂದಿದ್ದಾನೆ. ಬಿಎಕ್ಸ್ ಟ್ರಿಗರ್ ಒಂದು ತಂದು ತೋರಿಸಲಾ ಅಂತ ಕೇಳಿದ. ಬೇಡ ಅಂದೆ. ರೇಂಜಿಗೆ ಹಾಕಿಕೊಂಡು ಹೋಗುವ ಜಾಕೆಟ್ಟು, ಬೆನ್ನಿನ ಚೀಲ ಎರಡನ್ನೂ ಮನೆಯಲ್ಲೇ ಬಿಟ್ಟು ಬಾ ಅಂದೆ. ಹೊಲಿಗೆಯ ಸಂದಿನಲ್ಲಿ ಮರೆತ ಒಂದು ತೋಟಾ ಸಾಕು, ವಿಮಾನ ನಿಲ್ದಾಣದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸಲು. ಇಲ್ಲಿ ಅಜ್ಜನ ರೈಫಲ್ ಇದೆ. ಅವನೂ ಆರಡಿ ಬೆಳೆದಿದ್ದಾನೆ, ಕತ್ತರಿಸಿದ ಆ ಒಂದು ಇಂಚಿನ ಮರವನ್ನು ನಾನು ಎಸೆದಿಲ್ಲ. ಎರಡು ಸ್ಕ್ರೂ ಹಾಕಿ ಕೂರಿಸಿಕೊಡಲು ರಿಪೇರಿಯವರಿಗೆ ಹೇಳಿ ಇಟ್ಟಿದ್ದೇನೆ.