ಪಕ್ಕದವರ ಫೋನ್ ಕಿರುಚಿತು, ನಿಮ್ಮದು ಸುಮ್ಮನಿತ್ತಾ?

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ, ಪ್ರವಾಹ, ಸಿಡಿಲಿನಂಥ ಅಪಾಯ ಬಂದಾಗ ಮೊಬೈಲ್‌ಗೆ ಸರ್ಕಾರ ಕಳಿಸುವ ತುರ್ತು ಸಂದೇಶದ (ಅಲರ್ಟ್) ಪ್ರಯೋಗ ನಡೆದಿತ್ತು, ನೆನಪಿದೆಯಾ? ಜೋರಾಗಿ ಬೀಪ್ ಆಗಿ, ಪರದೆ ತುಂಬ ಸಂದೇಶ ಬಂದಿತ್ತು. ನಿಮಗೆ ಅಂಥದ್ದು ಬಂದೇ ಇಲ್ಲ ಅಂದರೆ ಈಗಲೇ ನೋಡಿಕೊಳ್ಳಿ. ಹೊನ್ನಾಳಿ, ಹರಿಹರದ ಹೊಳೆದಂಡೆಯವರು, ಮಳೆಗಾಲಕ್ಕೆ ಮುಂಚೆ ಸಿಡಿಲಿನ ಹೊತ್ತಲ್ಲಿ ಹೊಲದಲ್ಲಿರುವವರು ಇದನ್ನು ಮುಂದಕ್ಕೆ ಹಾಕಬಾರದು.

ಇದು ಎಸ್‌ಎಂಎಸ್ ಅಲ್ಲ. ಟವರ್ ತನ್ನ ವ್ಯಾಪ್ತಿಯಲ್ಲಿರುವ ಫೋನ್‌ಗಳಿಗೆಲ್ಲ ಒಟ್ಟಿಗೆ ಕೂಗಿ ಹೇಳುತ್ತದೆ, ಅದಕ್ಕೆ ನಿಮ್ಮ ನಂಬರ್ ಬೇಡ, ಡೇಟಾನೂ ಬೇಡ. ಹಾಗಾಗಿ ಮೊದಲು ಸಿಗ್ನಲ್ ನೋಡಿ. ಫ್ಲೈಟ್ ಮೋಡ್ ಆನ್ ಇಟ್ಟು ವೈಫೈನಲ್ಲಿ ವಿಡಿಯೊ ನೋಡ್ತಾ ಕೂತರೆ ಅಲರ್ಟ್ ಬರಲ್ಲ.

ಸಿಗ್ನಲ್ ಸರಿ ಇದೆ ಅಂದರೆ ಸೆಟ್ಟಿಂಗ್ಸ್‌ಗೆ ಹೋಗಿ. ಆಂಡ್ರಾಯ್ಡ್‌ನಲ್ಲಿ ಇದು ಕಂಪನಿಗೊಂದು ಕಡೆ ಇರುತ್ತದೆ. 'ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ' ಒಳಗೆ 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಸಿಗಬಹುದು. ಸಿಗದಿದ್ದರೆ ತಡಕಾಡಬೇಡಿ, ಮೇಲಿನ ಹುಡುಕುವ ಪಟ್ಟಿಯಲ್ಲಿ 'ಎಮರ್ಜೆನ್ಸಿ ಅಲರ್ಟ್' ಅಂತ ಟೈಪ್ ಮಾಡಿ. ಅಲ್ಲಿ 'ಅಲೋ ಅಲರ್ಟ್ಸ್' ಆನ್ ಇರಬೇಕು, ಅದರ ಕೆಳಗಿನ ಎಕ್ಸ್‌ಟ್ರೀಮ್, ಸಿವಿಯರ್ ಎರಡೂ ಆನ್ ಇರಬೇಕು. ಪ್ರಯೋಗದ ಸಂದೇಶ ಕಾಣದವರು ಟೆಸ್ಟ್ ಅಲರ್ಟ್ಸ್ ಕೂಡ ಆನ್ ಮಾಡಿ, ಎಷ್ಟೋ ಸಲ ಅದು ಆಫ್ ಇರುತ್ತದೆ ಅಷ್ಟೇ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿಂದ ಪೂರ್ತಿ ಕೆಳಗೆ ಇಳಿದರೆ ಈ ಅಲರ್ಟ್‌ಗಳ ಸ್ವಿಚ್ ಇದೆ, ಅದು ಆನ್ ಇರಬೇಕು. ಆಮೇಲೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬಾಕಿ ಇರುವ ಅಪ್‌ಡೇಟ್ ಹಾಕಿಕೊಳ್ಳಿ.

ಬಂದಿತ್ತು, ಗಡಿಬಿಡಿಯಲ್ಲಿ ಓಕೆ ಒತ್ತಿ ಕಳೆದುಕೊಂಡಿದ್ದೀರಾ? ಆಂಡ್ರಾಯ್ಡ್‌ನಲ್ಲಿ ಅದೇ ಪುಟದಲ್ಲಿ ಅಲರ್ಟ್ ಹಿಸ್ಟರಿ ಇರುತ್ತದೆ, ತೆರೆದು ನೋಡಿ.

ಇನ್ನೊಂದು ಗೊಂದಲ ಇದೆ. ದಾವಣಗೆರೆಯ ಸಿಮ್ ಇಟ್ಟುಕೊಂಡು ಬೆಂಗಳೂರಿನಲ್ಲಿರುವ ಮಗನಿಗೆ ಹರಿಹರದ ಎಚ್ಚರಿಕೆ ಬರುವುದಿಲ್ಲ. ಸಿಮ್ ಯಾವ ಊರಿನದು ಅನ್ನೋದು ಲೆಕ್ಕಕ್ಕಿಲ್ಲ, ಫೋನ್ ಈಗ ಯಾವ ಟವರ್ ಕೆಳಗಿದೆ ಅನ್ನೋದೇ ಮುಖ್ಯ.

ಅಂದಹಾಗೆ, 'ತುರ್ತು ಅಲರ್ಟ್‌ಗೆ ಈ ಲಿಂಕ್ ಒತ್ತಿ, ಒಟಿಪಿ ಹೇಳಿ' ಅಂತ ಯಾರಾದರೂ ಕಳಿಸಿದರೆ ಅದು ಮೋಸ. ನಿಜವಾದ ಅಲರ್ಟ್ ಒಟಿಪಿ ಕೇಳಲ್ಲ.

ಇದೊಂದನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲ್ಲ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲಿನ ಸೂಚನೆ ಕೊಡುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಬೇರೆ ಎಚ್ಚರಿಕೆಗಳನ್ನೂ ತೋರಿಸುತ್ತದೆ. ಎರಡಕ್ಕೂ ಇಂಟರ್ನೆಟ್ ಬೇಕು, ನೀವಿರುವ ಜಾಗದ ಎಚ್ಚರಿಕೆ ಬರಲು ಲೊಕೇಶನ್ ಅನುಮತಿಯನ್ನೂ ಕೊಡಿ. ಮನೆಯಲ್ಲಿ ಅಜ್ಜನ ಹತ್ತಿರ ಹಳೆಯ ಕೀಪ್ಯಾಡ್ ಫೋನ್ ಇದ್ದರೆ ಅದಕ್ಕೆ ಅಲರ್ಟ್ ಬರದೇ ಹೋಗಬಹುದು, ನಿಮಗೆ ಬಂದ ಕೂಡಲೇ ಅವರಿಗೊಂದು ಕಾಲ್ ಮಾಡಿ.