ಕಾಲು ಸೊಟ್ಟಗಿದ್ದ ಮರಿಗೆ ಎರಡೇ ದಿನದ ಗಡುವು

ಕಾವಿನ ಪೆಟ್ಟಿಗೆಯಲ್ಲಿ ಮೂರನೇ ಸಲ ಮೊಟ್ಟೆ ಇಟ್ಟಾಗ ಒಡೆದು ಬಂದ 14 ಕೋಳಿಮರಿಗಳಲ್ಲಿ ಒಂದು ಎದ್ದು ನಿಲ್ಲಲೇ ಇಲ್ಲ. ಎರಡೂ ಕಾಲು ಪಕ್ಕಕ್ಕೆ ಚಾಚಿಕೊಂಡು, ಹೊಟ್ಟೆಯನ್ನು ನೆಲಕ್ಕೆ ಊರಿ, ನೀರಿಗೆ ಬಿದ್ದವರ ಹಾಗೆ ಒದ್ದಾಡುತ್ತಿತ್ತು. ನಮ್ಮತ್ತೆ ಬಂದು ನೋಡಿ, "ಅದು ಬದ್ಕಲ್ಲ ಕಣಮ್ಮ, ತೆಗ್ದು ಆಚೆಗಿಡು. ಮಿಕ್ಕವು ತುಳ್ದಾಕ್ತವೆ" ಅಂದರು. ಅವರು ನಲವತ್ತು ವರ್ಷದಿಂದ ಕೋಳಿ ಕಾವಿಗೆ ಕೂರಿಸಿದವರು, ಅವರ ಮಾತನ್ನು ನಾನು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಆದರೆ ಆ ಮರಿಯ ಕಣ್ಣು ಚುರುಕಾಗಿತ್ತು. ಪಾದಕ್ಕೆ ಬೆರಳು ತಾಗಿಸಿದರೆ ಗಟ್ಟಿಯಾಗಿ ಒದೆಯುತ್ತಿತ್ತು. ಕಾಲಿನಲ್ಲಿ ಶಕ್ತಿ ಇದೆ, ನಿಲ್ಲುವ ಜಾಗ ತಪ್ಪಿದೆ ಅಷ್ಟೇ ಅನ್ನಿಸಿತು. "ಎರಡು ದಿನ ನೋಡ್ತೀನಿ ಅತ್ತೆ" ಅಂದೆ.

ನಮ್ಮದು ಹಾಸನ ಕಡೆಯ ಹಳ್ಳಿ, ಮನೆಯಲ್ಲಿರುವುದು ನಾಟಿ ಕೋಳಿ. ನಾಟಿ ಹೇಂಟೆ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಮುಚ್ಚಿಕೊಂಡು ಕೂರುತ್ತದೆ. 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ತಿರುಗಾಟ, ಅಲ್ಲಿಗೆ ಮತ್ತೆ ಮೊಟ್ಟೆ ಇಡುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ. ಮರಿಗಳಲ್ಲಿ ಅರ್ಧ ಹದ್ದಿಗೆ, ಮುಂಗುಸಿಗೆ. ಅದಕ್ಕೇ ಕಾವಿನ ಪೆಟ್ಟಿಗೆ ಮಾಡಿಕೊಂಡೆ. ದಪ್ಪ ಥರ್ಮಾಕೋಲ್ ಡಬ್ಬಿ, 40 ವ್ಯಾಟಿನ ಎರಡು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು, ಶಾಖ ನೋಡಿಕೊಳ್ಳಲು ಡಬ್ಲ್ಯು 1209 ಎಂಬ ಚಿಕ್ಕ ಥರ್ಮೋಸ್ಟಾಟ್. ಬಲ್ಬು ಎರಡೇ ಇರಲಿ, ರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ.

ಮೊದಲ ಸಲ ತಪ್ಪಿದ್ದು ಸೆನ್ಸರ್ ಇಟ್ಟ ಜಾಗದಲ್ಲಿ. ಅದು ಡಬ್ಬಿಯ ತಳಕ್ಕೆ ತಾಗಿಕೊಂಡಿತ್ತು. ತಳ ತಣ್ಣಗಿದ್ದುದರಿಂದ ಬಲ್ಬು ಉರಿಯುತ್ತಲೇ ಇತ್ತು. ಪರದೆಯ ಮೇಲೆ 37.5 ಡಿಗ್ರಿ ಕಾಣುತ್ತಿತ್ತು, ಮೊಟ್ಟೆಗಳಿಗೆ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು. 20ನೇ ದಿನಕ್ಕೆ ಮುಂಚೆಯೇ ಮರಿ ಬರಲು ಶುರುವಾದವು. 20 ಮೊಟ್ಟೆಗೆ 8 ಮರಿ. ಅವುಗಳಲ್ಲಿ ಮೂರಕ್ಕೆ ಬೆರಳು ಒಳಗೆ ಮಡಚಿತ್ತು, ಎರಡಕ್ಕೆ ಹೊಕ್ಕಳು ಪೂರ್ತಿ ಮುಚ್ಚಿರಲಿಲ್ಲ. ಈಗ ಸೆನ್ಸರನ್ನು ಮೊಟ್ಟೆಯ ಮೇಲ್ಮೈಗೆ ಸಮನಾಗಿ ನೇತುಹಾಕುತ್ತೇನೆ. ಮೊಟ್ಟೆ ಇಡುವ ಮುಂಚೆ ಉಗುರುಬೆಚ್ಚನೆಯ ನೀರಿನ ಲೋಟದಲ್ಲಿ ಸೆನ್ಸರನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡುತ್ತೇನೆ. ತೇವಾಂಶದ ಮೀಟರಿಗೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಮೀಟರ್ ಜೊತೆ ಜಿಪ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟು, ಏಳೆಂಟು ಗಂಟೆ ಬಿಟ್ಟು ನೋಡಿದರೆ ಶೇಕಡಾ 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಲೆಕ್ಕಕ್ಕೆ ಹಿಡಿದರಾಯಿತು. ಮೊದಲ 18 ದಿನ ತೇವಾಂಶ 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70.

ಐದು ದಿನಕ್ಕಿಂತ ಹಳೆಯ ಮೊಟ್ಟೆ ಇಡುವುದಿಲ್ಲ, ಮೊಟ್ಟೆಯನ್ನು ತೊಳೆಯುವುದಿಲ್ಲ. ಪೆನ್ಸಿಲಿನಲ್ಲಿ ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ. ದಿನಕ್ಕೆ ಮೂರು ಸಲ ತಿರುಗಿಸುತ್ತೇನೆ. ಬೆಸ ಸಂಖ್ಯೆ ಯಾಕೆಂದರೆ, ರಾತ್ರಿಯ ದೀರ್ಘ ಹೊತ್ತು ದಿನವೂ ಒಂದೇ ಮಗ್ಗುಲಿಗೆ ಬೀಳಬಾರದು. 7ನೇ ದಿನ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಇಟ್ಟು ನೋಡುವುದು ನನಗೆ ಬಲು ಇಷ್ಟದ ಕೆಲಸ. ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲ್ಲಾಡುತ್ತಿರುತ್ತದೆ. ಅತ್ತೆಗೆ ಮೊದಲ ಸಲ ತೋರಿಸಿದಾಗ ಎಷ್ಟೋ ಹೊತ್ತು ಕೈಯಿಂದ ಕೆಳಗಿಡಲಿಲ್ಲ.

ಮೂರನೇ ಸಲದ್ದು ಮಳೆಗಾಲ. 15ನೇ ದಿನ ಕರೆಂಟು ಹೋಗಿದ್ದು ಆರು ಗಂಟೆ ಬರಲಿಲ್ಲ. ಡಬ್ಬಿಗೆ ಕಂಬಳಿ ಸುತ್ತಿ, ಗಾಳಿಯ ತೂತು ಮಾತ್ರ ಬಿಟ್ಟು, ಒಳಗೆ ಬಿಸಿನೀರಿನ ಬಾಟಲಿಗಳನ್ನು ಮೊಟ್ಟೆಗೆ ತಾಗದಂತೆ ಇಟ್ಟೆ. "ಹೇಂಟೆನೂ ಮೇಯಕ್ಕೆ ಎದ್ದೋಗಲ್ವ, ಸ್ವಲ್ಪ ತಣ್ಣಗಾದ್ರೆ ಏನಾಗಲ್ಲ" ಅಂತ ಅತ್ತೆ ಧೈರ್ಯ ಹೇಳಿದರು. ಅವರ ಮಾತು ಸರಿ. ಮೊಟ್ಟೆ ತಣಿದರೆ ಸ್ವಲ್ಪ ತಡೆದುಕೊಳ್ಳುತ್ತದೆ, ಬಿಸಿ ಏರಿದರೆ ತಡೆಯುವುದಿಲ್ಲ. 24ರಲ್ಲಿ 14 ಬಂದವು.

ಆ ಕಾಲು ಚಾಚಿದ ಮರಿಗೆ ಕಾರಣ ಕರೆಂಟಲ್ಲ, ನಾನು ಹಾಸಿದ್ದ ನ್ಯೂಸ್‌ಪೇಪರ್. ನುಣುಪು ಕಾಗದದ ಮೇಲೆ ಹೂಮರಿಯ ಕಾಲು ಜಾರುತ್ತದೆ, ಜಾರಿದ ಕಾಲು ಮೊದಲ ದಿನಗಳಲ್ಲೇ ಹಾಗೇ ಬಲಿಯುತ್ತದೆ. ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ಉದ್ದಕ್ಕೆ ಸೀಳಿ, ಹತ್ತಿಯ ಭಾಗ ನಡುವೆ ಬರುವಂತೆ ಇಟ್ಟು, ಎರಡು ತುದಿಯನ್ನೂ ಪಾದದ ಮೇಲಿನ ಕಡ್ಡಿಯಂಥ ಭಾಗಕ್ಕೆ ಸಡಿಲವಾಗಿ ಸುತ್ತಿ ಅಂಟಿಸಿದೆ. ಎರಡು ಕಾಲಿನ ನಡುವೆ ಸುಮಾರು ಒಂದಿಂಚು, ಆರೋಗ್ಯದ ಮರಿ ನಿಂತಾಗ ಇರುವಷ್ಟೇ ಅಂತರ. ಬಿಗಿಯಾದರೆ ಪಾದ ಊದುತ್ತದೆ. ಕೆಳಗೆ ಗೋಣಿಚೀಲದ ತುಂಡು. ಮೊದಲ ಗಂಟೆ ಮುಖ ಅಡಿಯಾಗಿ ಬೀಳುತ್ತಲೇ ಇತ್ತು, ನೋಡಲಾಗಲಿಲ್ಲ. ಸುಸ್ತಾದಾಗ ಬಟ್ಟೆ ಹಾಸಿದ ಟೀ ಲೋಟದಲ್ಲಿ ಕಾಲು ಹೊಟ್ಟೆಯಡಿ ಬರುವಂತೆ ಸ್ವಲ್ಪ ಹೊತ್ತು ಕೂರಿಸುತ್ತಿದ್ದೆ. ಗಂಟೆಗೊಮ್ಮೆ ಕೊಕ್ಕನ್ನು ನೀರಿಗೆ ತಾಗಿಸಿ, ಒದ್ದೆ ಮಾಡಿದ ರಾಗಿ ಹಿಟ್ಟನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿರಬೇಕು, ಕಾಲು ನಿಲ್ಲದ ಮರಿ ಅರ್ಧ ಇಂಚು ನೀರಿನಲ್ಲೂ ಮುಳುಗಿ ಸಾಯುತ್ತದೆ. ಒಂಟಿಯಾಗಿಟ್ಟರೆ ಕೂಗಿ ಕೂಗಿ ಸೊರಗುತ್ತದೆ. ಸಾಧು ಮರಿಯೊಂದನ್ನು ಜೊತೆಗೆ ಬಿಟ್ಟೆ. ದಿನಾ ಪಟ್ಟಿ ಬದಲಿಸಿದೆ. ನಾಲ್ಕನೇ ದಿನ ಬೆಳಗ್ಗೆ ಬಿಚ್ಚಿದಾಗ ಒಂದು ಸಲ ಓಲಾಡಿ, ನಿಂತು, ಗೋಣಿಯ ಮೇಲೆ ಓಡಿತು. ಅತ್ತೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಒಂದು ಹಿಡಿ ಅಕ್ಕಿ ನುಚ್ಚು ತಂದು ಅದರ ಮುಂದೆ ಹಾಕಿದರು.

ಈ ಕೆಲಸ ಮೊದಲ ಎರಡು ದಿನದಲ್ಲೇ ಆಗಬೇಕು. ವಾರ ಬಿಟ್ಟು ಕಟ್ಟಿದ ಒಂದು ಮರಿ ಸರಿಯಾಗಲೇ ಇಲ್ಲ.

ಬೆರಳು ಮಡಚಿದ ಮರಿಗೆ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಪಾದದಷ್ಟಗಲ ಚಪ್ಪಲಿ ಕತ್ತರಿಸಿ, ಬೆರಳುಗಳನ್ನು ಬಿಡಿಸಿ ಹರಡಿ, ಮೆಡಿಕಲ್ ಶಾಪಿನ ಕಾಗದದ ಟೇಪಿನಿಂದ ಅಂಟಿಸುತ್ತೇನೆ. ಎರಡು ದಿನ ಸಾಕು. ಕಾವಿನ ಶಾಖ ಏರುಪೇರಾದರೂ ಬೆರಳು ಮಡಚುತ್ತದೆ, ತಾಯಿಯ ಮೇವಿನಲ್ಲಿ ಬಿ2 ಜೀವಸತ್ವ ಕಡಿಮೆಯಾದರೂ ಮಡಚುತ್ತದೆ. ನಮ್ಮ ಹೇಂಟೆಗಳಿಗೆ ಬೇಸಿಗೆಯಲ್ಲಿ ನುಚ್ಚು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಈಗ ಮೊಟ್ಟೆ ಆರಿಸುವ ಒಂದು ತಿಂಗಳು ಮುಂಚಿನಿಂದಲೇ ನುಗ್ಗೆ ಸೊಪ್ಪು ಹಾಕುತ್ತೇನೆ, ನುಚ್ಚಿಗೆ ಮಜ್ಜಿಗೆ ಕಲಸುತ್ತೇನೆ. ಮರಿಗಳಿಗೆ ಪಶುವೈದ್ಯರು ಹೇಳಿದ ಅಳತೆಯಲ್ಲಿ ಬಿ ಕಾಂಪ್ಲೆಕ್ಸ್ ಹನಿ ನೀರಿಗೆ. ಹೊಕ್ಕಳು ಮುಚ್ಚದ ಮರಿಗೆ ಪೊವಿಡೋನ್ ಅಯೋಡಿನ್ ಹಚ್ಚಿ ಶುಚಿಯಾದ ಬಟ್ಟೆಯ ಮೇಲೆ ಬೇರೆ ಇಡುತ್ತೇನೆ. ಅಲ್ಲಿ ನೇತಾಡುವ ದಾರದಂಥದ್ದನ್ನು ಎಳೆಯಲೇಬಾರದು, ಒಣಗಿ ತಾನೇ ಬೀಳುತ್ತದೆ.

ಕೈ ಹಾಕಿ ಕಳೆದುಕೊಂಡದ್ದೂ ಇದೆ. ಎರಡನೇ ಸಲ, ಮರಿ ಚಿಪ್ಪಿಗೆ ತೂತು ಮಾಡಿ ಆರು ಗಂಟೆ ಕಳೆದರೂ ಹೊರಬರಲಿಲ್ಲವೆಂದು ಒಂದು ಮೊಟ್ಟೆಯ ಚಿಪ್ಪು ಬಿಡಿಸಿದೆ. ಒಳಪೊರೆಯಿಂದ ರಕ್ತ ಜಿನುಗಿತು. ಪೊರೆಯ ರಕ್ತವನ್ನೂ ಹಳದಿ ಭಾಗವನ್ನೂ ಮರಿ ಇನ್ನೂ ಒಳಗೆಳೆದುಕೊಳ್ಳುತ್ತಿತ್ತು. ಸಂಜೆಗೆ ಹೋಯಿತು. ತೂತು ಬಿದ್ದ ಮೇಲೆ ಒಂದು ದಿನ ಪೂರ್ತಿ ಬೇಕಾಗಬಹುದು. ಅಷ್ಟೂ ಹೊತ್ತು ಮುಚ್ಚಳ ತೆಗೆಯದೆ ಕಾಯುವುದು ನನಗೆ ಈಗಲೂ ಕಷ್ಟ.

ಮಂಡಿಯ ಹಿಂದಿನ ನರ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯಂಥದ್ದು) ಜಾರಿ ಕಾಲು ಹೊರಕ್ಕೆ ತಿರುಗಿದ್ದ ಇನ್ನೊಂದು ಮರಿಗೆ ಮೂರು ದಿನ ನರವನ್ನು ಸ್ಥಾನಕ್ಕೆ ತಳ್ಳಿ ಕಟ್ಟಿದೆ, ಮೂರು ದಿನವೂ ಜಾರಿತು. ಮಂಡಿ ಊದಿ, ಮೇವು ಬಿಟ್ಟು, ನರಳತೊಡಗಿದಾಗ ಮಾವ ಅದನ್ನು ಸಂಕಟದಿಂದ ಬಿಡಿಸಿದರು. ಅದನ್ನು ಇನ್ನೂ ಒಂದು ದಿನ ಇಟ್ಟುಕೊಂಡಿದ್ದರೆ ಅದು ನನ್ನ ಸಮಾಧಾನಕ್ಕೆ ಮಾತ್ರ ಆಗುತ್ತಿತ್ತು.

ಕೊಕ್ಕು ಕತ್ತರಿಯ ಹಾಗೆ ಅಡ್ಡವಾದ ಹೇಂಟೆ ಒಂದಿದೆ. ಹುಟ್ಟಿದಾಗ ಗೊತ್ತಾಗಲಿಲ್ಲ, ಮೂರನೇ ವಾರಕ್ಕೆ ಸೊಟ್ಟ ಎದ್ದು ಕಂಡಿತು. ಇದಕ್ಕೆ ಪಟ್ಟಿಯೂ ಇಲ್ಲ, ಹನಿಯೂ ಇಲ್ಲ. ನೆಲದ ಕಾಳು ಹೆಕ್ಕಲಾರದು, ಆದ್ದರಿಂದ ಆಳದ ಬಟ್ಟಲಿನಲ್ಲಿ ಒದ್ದೆ ಮೇವು ಕೊಟ್ಟರೆ ಗೋರಿಕೊಂಡು ತಿನ್ನುತ್ತದೆ. ತಿಂಗಳಿಗೊಮ್ಮೆ ಕೊಕ್ಕಿನ ತುದಿಯನ್ನು ಉಗುರು ಉಜ್ಜುವ ಅರದಿಂದ ತೇಯುತ್ತೇನೆ. ಈಗ ಮೊಟ್ಟೆ ಇಡುತ್ತಿದೆ. ಈ ಸೊಟ್ಟತನ ವಂಶದಲ್ಲಿ ಇಳಿಯಬಹುದಾದ್ದರಿಂದ ಅದರ ಮೊಟ್ಟೆ ಅಡುಗೆಗೆ, ಕಾವಿಗಲ್ಲ.

ಈಗ ಪೆಟ್ಟಿಗೆಯಲ್ಲಿ 22 ಮೊಟ್ಟೆ ಇವೆ, ನಾಳೆಗೆ 18 ದಿನ. ತಿರುಗಿಸುವುದು ನಿಲ್ಲಿಸಿ, ನೀರಿನ ಬಟ್ಟಲು ದೊಡ್ಡದು ಮಾಡಬೇಕು. ಅತ್ತೆ ಆಗಲೇ ಗೋಣಿ ಒಗೆದು ಬಿಸಿಲಿಗೆ ಹಾಕಿದ್ದಾರೆ.